ದೀಕ್ಷೆ ಪಡೆದ ಹಾಡುಗಾರರು

ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಮಂಟೇಸ್ವಾಮಿಯ ಕಥೆ ಹಾಡುವವರು ನೀಲಗಾರರು, ಮಲೆ ಮಾದೇಶ್ವರನ ಕಥೆ ಹಾಡುವವರು ದೇವರಗುಡ್ಡರು. ಕಂಠ ಚೆನ್ನಾಗಿದ್ದ ಮಾತ್ರಕ್ಕೆ ಈ ಹೆಸರು ದಕ್ಕದು. ಮನೆಯವರು ಹರಕೆ ಹೊತ್ತು ಮಗನನ್ನು ದೇವರಿಗೆ ಬಿಡಬೇಕು, ಗುರುವಿನಿಂದ ದೀಕ್ಷೆಯಾಗಬೇಕು. ದೇವರಗುಡ್ಡನಿಗೆ ಕಂಸಾಳೆ, ಜೋಳಿಗೆ, ರುದ್ರಾಕ್ಷಿ ಸಿಗುವುದು ಆಗಲೇ. ಭಿಕ್ಷೆಯ ವ್ರತವೂ ಜೊತೆಗೇ ಬರುತ್ತದೆ.

ಸಂಗೀತವನ್ನು ಆಚರಣೆಯಿಂದ ಬೇರ್ಪಡಿಸದ ಈ ನೋಟ ಚೀನಾದ ಕನ್‌ಫ್ಯೂಷಿಯಸ್‌ಗೂ (ಕ್ರಿ.ಪೂ. 551–479) ಇತ್ತು. ಕಾವ್ಯದಿಂದ ಎಚ್ಚೆತ್ತು, ಆಚಾರದಿಂದ ನೆಲೆನಿಂತ ವ್ಯಕ್ತಿತ್ವ ಪೂರ್ಣವಾಗುವುದು ಸಂಗೀತದಲ್ಲಿ ಎಂಬುದು ಅವನ ಮತ. ಆಚಾರ ಜನರನ್ನು ಅವರವರ ಸ್ಥಾನದಲ್ಲಿ ನಿಲ್ಲಿಸುತ್ತದೆ, ಸಂಗೀತ ಅವರನ್ನು ಕೂಡಿಸುತ್ತದೆ ಎಂದು ಅವನ ಪರಂಪರೆಯವರು ವಿವರಿಸಿದರು. ಝೆಂಗ್ ಸೀಮೆಯ ಮೋಹಕ ಹಾಡುಗಳನ್ನು ದೂರವಿಡಬೇಕೆಂದೂ ಕನ್‌ಫ್ಯೂಷಿಯಸ್ ಹೇಳಿದ್ದ. ಮುಂದೆ ಅರಮನೆಯ ವಿಧಿಗಳಲ್ಲಿ ವಾದ್ಯಮೇಳ ಖಾಯಂ ಆಯಿತು. ಏಳು ತಂತಿಯ ಚಿನ್ ವಿದ್ವಾಂಸರ ಮನೆವಾದ್ಯವಾಯಿತು.

ಆದರೆ ಅವನ ಸಂಗೀತಕ್ಕೆ ಅಂತಸ್ತಿನ ಲೆಕ್ಕವಿತ್ತು. ಎಂಟು ಸಾಲಿನ ನರ್ತನ ಚಕ್ರವರ್ತಿಗೆ ಮೀಸಲು. ಜಿ ಮನೆತನದ ಸರದಾರ ಅದನ್ನು ತನ್ನ ಅಂಗಳದಲ್ಲಿ ಮಾಡಿಸಿದಾಗ ಕನ್‌ಫ್ಯೂಷಿಯಸ್ ಕೆರಳಿದ. ನೀಲಗಾರರ ಹಾಡು ಹಿಡಿಯುವ ದಾರಿಯೇ ಬೇರೆ. ‘ಕಲ್ಯಾಣದ ಸಾಲು’ ಎಂಬ ಕಥಾಭಾಗದಲ್ಲಿ ಮಂಟೇಸ್ವಾಮಿ ಹೇಸಿಗೆ ಹುಟ್ಟಿಸುವ ವೇಷದಲ್ಲಿ, ಹೆಂಡ–ಮಾಂಸ ಹೊತ್ತು ಬಸವಣ್ಣನ ಕಲ್ಯಾಣಕ್ಕೆ ಬರುತ್ತಾನೆ, ಬಾಗಿಲಲ್ಲೇ ಅವನನ್ನು ತಡೆಯುತ್ತಾರೆ. ಶರಣರ ದೊಡ್ಡತನ ಪರೀಕ್ಷೆಗೆ ಒಳಗಾಗುವುದು ಅಲ್ಲಿಂದ. ಹಾಡುವವರಲ್ಲಿ ಬಹುಪಾಲು ದಲಿತರು ಮತ್ತು ಹಿಂದುಳಿದ ಜಾತಿಗಳವರು ಎಂಬುದನ್ನು ಬಿಟ್ಟು ಈ ಕಥೆಯನ್ನು ಓದಲಾಗದು. ಮಾದೇಶ್ವರನ ಕಾವ್ಯವೂ ಮಠವೆಂದು ಅಳುಕುವುದಿಲ್ಲ: ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ದೇವರೇ ರಾಗಿ ಬೀಸುತ್ತಾನೆ.

ಇರುಳಿಡೀ ನಡೆಯುವ ನೀಲಗಾರರ ಕಥೆಯಲ್ಲಿ ಮುಮ್ಮೇಳದವನು ತಂಬೂರಿ ಮೀಟುತ್ತ ಒಂದಷ್ಟು ಹಾಡಿ, ಒಂದಷ್ಟು ಮಾತಲ್ಲೇ ಹೇಳುತ್ತಾನೆ. ಗಗ್ಗರ, ಡಗ್ಗೆ, ತಾಳದವರು ಸಾಲಿನ ಕೊನೆಯನ್ನು ಎತ್ತಿಕೊಳ್ಳುತ್ತಾರೆ. ಕೂತವರು ನಡುವೆ ಹೂಂಗುಟ್ಟುತ್ತಾರೆ. ಕೇಳುಗರ ಸ್ಪಂದನವಿಲ್ಲದೆ ಕಥೆ ಮುಂದೆ ಸಾಗದು.

ಈಗ ದೇವರಗುಡ್ಡರ ಬೀಸು ಕಂಸಾಳೆ ಕುಣಿತ ಶಾಲೆಯ ವಾರ್ಷಿಕೋತ್ಸವಕ್ಕೂ ದಸರಾ ಮೆರವಣಿಗೆಗೂ ಬಂದಿದೆ. ಅಲ್ಲಿ ಕುಣಿಯುವವರೆಲ್ಲ ದೀಕ್ಷೆ ಪಡೆದವರಲ್ಲ. ವೇದಿಕೆಯ ಹತ್ತು ನಿಮಿಷಕ್ಕೆ ಕುಣಿತದ ಚಮತ್ಕಾರ ಹೊಂದುತ್ತದೆ, ಕಥೆ ಹೊಂದುವುದಿಲ್ಲ. ಪೂರ್ತಿ ಸಾಲು ಕೇಳಬೇಕೆಂದರೆ ಹರಕೆ ಹೊತ್ತ ಮನೆಯ ಅಂಗಳಕ್ಕೋ ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರು ಜಾತ್ರೆಗೋ ಹೋಗಬೇಕು.