ಕೊನೆಯ ಸಾಲು

ವೃದ್ಧಾಪ್ಯದಿಂದ ಬೆನ್ನು ಬಾಗಿದ್ದ ನನ್ನ ತಂದೆಗೆ ನಾನು ಹೆಣೆದ ಮೊದಲ ಸ್ವೆಟರಿನ ಕೊರಳು ತಲೆಯಿಂದ ಇಳಿಯಲೊಲ್ಲದು. ಇಳಿದ ಮೇಲೂ ಹಿಂಭಾಗ ಮೇಲಕ್ಕೆ ಸರಿದು ಸೊಂಟಕ್ಕೆ ಚಳಿ ತಾಗುತ್ತಿತ್ತು. ಅವರು ಮಾತ್ರ, "ಚೆನ್ನಾಗಿದೆಯಮ್ಮ" ಎಂದರು.

ದೋಷಗಳು ಎರಡು. ಕುಣಿಕೆಯ ಮೇಲೆ ಕುಣಿಕೆ ದಾಟಿಸಿ ಮುಚ್ಚುವ ಸಾಮಾನ್ಯ ಕ್ರಮದಲ್ಲಿ ಅಂಚು ಸರಪಳಿಯಂತಾಗುತ್ತದೆ, ಹಿಗ್ಗುವುದು ಕಡಿಮೆ. ತೋಳಿನ ಭಾರ ಹೊರುವ ಭುಜಕ್ಕೆ ಆ ಬಿಗಿ ಬೇಕು, ತಲೆ ತೂರಬೇಕಾದ ಕೊರಳಿಗೆ ಬೇಡ. ಅಲ್ಲಿ ಇನ್ನೂ ದಪ್ಪನೆಯ ಕಡ್ಡಿಯಿಂದ ಸಡಿಲವಾಗಿ ಮುಚ್ಚಬೇಕು. ಇಲ್ಲವೇ ಅಮೆರಿಕದಲ್ಲಿ ನೆಲೆಸಿದ್ದ ಹೆಣಿಗೆ ಶಿಕ್ಷಕಿ ಎಲಿಜಬೆತ್ ಜಿಮ್ಮರ್‌ಮನ್ (1910–1999) ಪ್ರಚುರಪಡಿಸಿದಂತೆ, ಕುಣಿಕೆಗಳನ್ನು ಸೂಜಿದಾರದಿಂದ ಹೊಲಿದು ಮುಗಿಸಬೇಕು.

ಎರಡನೆಯದು, ಬಾಗಿದ ಬೆನ್ನಿಗೆ ಎದೆಗಿಂತ ಹೆಚ್ಚು ಉದ್ದ ಬೇಕು. ಬೆನ್ನಿನ ಮೇಲ್ಭಾಗದಲ್ಲಿ ಕೆಲವು ಸಾಲುಗಳನ್ನು ಕೊನೆ ಮುಟ್ಟಿಸದೆ ನಡುವೆಯೇ ತಿರುಗಿ ಹೆಣೆದರೆ, ಕುಣಿಕೆಗಳ ಸಂಖ್ಯೆ ಬದಲಾಗದೆ ಅಲ್ಲಿ ಮಾತ್ರ ಉದ್ದ ಕೂಡುತ್ತದೆ. ತಿರುಗುವೆಡೆಯಲ್ಲಿ ಪಕ್ಕದ ಕುಣಿಕೆಗೆ ನೂಲನ್ನು ಸುತ್ತಬೇಕು. ಮುಂದೆ ಆ ಸುತ್ತನ್ನೂ ಕುಣಿಕೆಯೊಡನೆ ಸೇರಿಸಿ ಹೆಣೆಯಬೇಕು. ಮರೆತರೆ ತೂತು ಉಳಿಯುತ್ತದೆ.

ಎಲ್ಲವನ್ನೂ ಬಿಚ್ಚಿ ಮತ್ತೆ ಹೆಣೆದೆ. ಆ ಚಳಿಗಾಲ ತಂದೆ ಯಾರ ನೆರವೂ ಇಲ್ಲದೆ ಸ್ವೆಟರ್ ತೊಟ್ಟರು. ಈ ಬಾರಿ ಚೆನ್ನಾಗಿದೆಯೆನ್ನಲಿಲ್ಲ; ತೆಗೆಯಲೂ ಇಲ್ಲ.