ದೊಡ್ಡ ಟ್ಯಾಗ್ ಬಿಗಿದು ಒಂಬತ್ತು ದಾಳಿಂಬೆ ಗಿಡ ಕಳ್ಕೊಂಡೆ

ಹೋದ ಆಷಾಢದ ಗಾಳಿಗೆ ನಮ್ಮ ತೋಟದಲ್ಲಿ ಎರಡು ವರ್ಷದ ಒಂಬತ್ತು ದಾಳಿಂಬೆ ಗಿಡ ಮುರಿದು ಬಿದ್ದವು. ಮತ್ತೋಡು ಕಡೆ ಗಾಳಿ ಹೇಗೆ ಬೀಸುತ್ತೆ ಅಂತ ಹೇಳಬೇಕಿಲ್ಲ. ಹೊಸದುರ್ಗ ತಾಲ್ಲೂಕಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರೋದೇ ಅದಕ್ಕೆ. ಆದ್ರೆ ತಪ್ಪು ಗಾಳಿದಲ್ಲ, ನನ್ನದು. ಒಂಬತ್ತೂ ಮುರಿದದ್ದು ನಾನು ಟ್ಯಾಗ್ ಬಿಗಿದಿದ್ದ ಜಾಗದಲ್ಲೇ.

ಕೇಬಲ್ ಟ್ಯಾಗ್ ನಿಮಗೆಲ್ಲ ಗೊತ್ತು. ನಾನು ತಂದದ್ದು 370 ಮಿ.ಮೀ. ಉದ್ದದ ದೊಡ್ಡದು. ಕೋಲು, ಗಿಡ ಎರಡನ್ನೂ ಸೇರಿಸಿ ಒಂದು ಎಳೆತ, ಕೆಲಸ ಮುಗೀತು. ದೊಡ್ಡಪ್ಪ ನೋಡಿ, "ಏನೋ ಇದು, ಗಿಡಕ್ಕೆ ಬೇಡಿ ಹಾಕಿದ್ದೀಯಲ್ಲೋ" ಅಂದ್ರು. ತೋಟಗಾರಿಕೆ ಓದಿದವನು ನಾನು, ನಕ್ಕು ಸುಮ್ಮನಾದೆ.

ಈ ಟ್ಯಾಗ್ 1958ರಲ್ಲಿ ಅಮೆರಿಕಾದಲ್ಲಿ ವಿಮಾನದ ವೈರ್ ಕಟ್ಟೋಕೆ ಅಂತ ಬಂದದ್ದು. ವೈರ್ ದಪ್ಪ ಆಗಲ್ಲ, ಗಿಡ ಆಗುತ್ತೆ. ಎಲೆಯಲ್ಲಿ ತಯಾರಾದ ಆಹಾರ ತೊಗಟೆ ಮೂಲಕ ಬೇರಿಗೆ ಇಳೀಬೇಕು. ಟ್ಯಾಗ್ ತೊಗಟೆಯೊಳಗೆ ಇಳಿದರೆ ಆ ದಾರಿ ಕಟ್. ಮೇಲ್ಗಡೆ ಕಾಂಡ ಊದುತ್ತೆ, ಕೆಳಗೆ ಬೇರು ಸೊರಗುತ್ತೆ, ಜೋರು ಗಾಳಿಗೆ ಅಲ್ಲೇ ಮುರಿಯುತ್ತೆ.

ಹಾಗಾದ್ರೆ ಏನು ಕಟ್ಟೋದು? ಸೆಣಬಿನ ಹುರಿ, ಬಾಳೆ ಪಟ್ಟೆ, ಹಳೇ ಸೀರೆಯ ಪಟ್ಟಿ ಅಥವಾ ಹಳೇ ಸೈಕಲ್ ಟ್ಯೂಬ್ ಸೀಳು. ಗಿಡಕ್ಕೂ ಕೋಲಿಗೂ ನಡುವೆ ಒಂದು ತಿರುವು ಕೊಟ್ಟು, ಇಂಗ್ಲಿಷ್ 8ರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಕಟ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಗಿಡ ಸ್ವಲ್ಪ ಅಲ್ಲಾಡಿದರೆ ಒಳ್ಳೇದೇ, ಕಾಂಡ ಗಟ್ಟಿಯಾಗುತ್ತೆ. ಹುರಿ, ಬಾಳೆ ಪಟ್ಟೆ ಬಿಸಿಲು ಮಳೆಗೆ ತಾನೇ ಕೊಳೆತು ಬೀಳುತ್ತೆ. ಟ್ಯೂಬ್ ಕೊಳೆಯಲ್ಲ, ನೀವೇ ಬಿಚ್ಚಬೇಕು.

ಇದೇ ತರ ದೊಡ್ಡ ಸೈಜಿನ ಇನ್ನೂ ಮೂರು ಸಾಮಾನು ನೋಡಿ:

ಯು ಪಿನ್: ಮಲ್ಚಿಂಗ್ ಶೀಟ್‌ಗೆ ಹೊಡೆಯೋ ಇದು ದೊಡ್ಡ ಸ್ಟೇಪ್ಲರ್ ಪಿನ್ನೇ. ಶೀಟಿನ ಅಂಚನ್ನು ಮಣ್ಣಲ್ಲಿ ಮುಚ್ಚಿ ತುಳಿದರೆ ಸಾಕು. ಡ್ರಿಪ್ ಪೈಪ್ ಹಿಡಿಯೋಕೆ ಒಂದೂವರೆ ಅಡಿ ದಪ್ಪ ಜಿಐ ತಂತಿ ಬಗ್ಗಿಸಿ ಚುಚ್ಚಿ.

ಶೇಡ್ ನೆಟ್ ಕ್ಲಿಪ್: ಬಟ್ಟೆ ಕ್ಲಿಪ್ಪಿನ ಅಣ್ಣ. ನಮ್ಮ ಗಾಳಿಗೆ ಬಾಯಿ ಬಿಡುತ್ತೆ. ನೆಟ್ ಅಂಚನ್ನು ಎರಡು ಮಡಿಕೆ ಮಾಡಿ, ಒಳಗೆ ಅಡಿಕೆ ದಬ್ಬೆ ಇಟ್ಟು, ನೈಲಾನ್ ಹುರಿಯಲ್ಲಿ ಹೊಲಿಯಿರಿ.

ಉದ್ದ ಮೊಳೆ: ಪೈಪು, ಬೋರ್ಡು ತೂಗುಹಾಕೋಕೆ ತೆಂಗು, ಅಡಿಕೆ ಮರಕ್ಕೆ ಹೊಡೆಯಲೇಬೇಡಿ. ಈ ಮರಗಳ ಕಾಂಡದ ಗಾಯ ಮತ್ತೆ ತುಂಬಲ್ಲ, ಅಲ್ಲಿಂದ ರೋಗ ಸೇರುತ್ತೆ. ನಾರಿನ ಹಗ್ಗ ಸುತ್ತಿ ಕಟ್ಟಿ.

ಟ್ಯಾಗ್ ಪೂರ್ತಿ ಬಿಡಬೇಕಿಲ್ಲ. ಪೈಪನ್ನು ತಂತಿಗೆ, ತಂತಿಯನ್ನು ಕಂಬಕ್ಕೆ ಕಟ್ಟೋಕೆ ಒಳ್ಳೇದು. ಕಪ್ಪು ಬಣ್ಣದ್ದೇ ತಗೊಳ್ಳಿ, ಬಿಳಿದು ಬಿಸಿಲಿಗೆ ಬೇಗ ಪುಡಿಯಾಗುತ್ತೆ. ಬೆಳೆಯೋ ವಸ್ತುವಿಗೆ ಮಾತ್ರ ಬೇಡ.

ಈ ವಾರವೇ ಒಂದು ಕಟಿಂಗ್ ಪ್ಲೇಯರ್ ಹಿಡಿದು ತೋಟ ಸುತ್ತಿ. ಟ್ಯಾಗ್ ಹೂತು ಹೋಗಿದ್ದರೆ ಕಿತ್ತು ಎಳೀಬೇಡಿ. ಲಾಕ್ ಹತ್ತಿರ ಕತ್ತರಿಸಿ ನಿಧಾನವಾಗಿ ಬಿಡಿಸಿ. ಆಮೇಲೆ ಮೊಬೈಲಲ್ಲಿ ಮೂರು ತಿಂಗಳಿಗೊಮ್ಮೆ "ಕಟ್ಟು ನೋಡು" ಅಂತ ರಿಮೈಂಡರ್ ಇಡಿ. ನಾನು ಇಟ್ಟಿದ್ದೀನಿ. ಉಳಿದ ಗಿಡಗಳಿಗೆಲ್ಲ ಈಗ ದೊಡ್ಡಪ್ಪನೇ ಹುರಿ ಕಟ್ಟಿಕೊಟ್ಟಿದ್ದಾರೆ.