ಹತ್ತಿಯ ಗಿರಣಿಯಿಂದ ಪಾರ್ಲಿಮೆಂಟಿಗೆ

1841ರ ಸೆಪ್ಟೆಂಬರ್ ತಿಂಗಳು. ಇಂಗ್ಲೆಂಡಿನ ಲೆಮಿಂಗ್‌ಟನ್ ಪಟ್ಟಣದ ಒಂದು ಮನೆಯಲ್ಲಿ ಇಪ್ಪತ್ತೊಂಬತ್ತರ ತರುಣನೊಬ್ಬನು ಶೋಕಮಗ್ನನಾಗಿ ಕುಳಿತಿದ್ದನು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಪತ್ನಿಯ ಕಳೇಬರ ಮೇಲಿನ ಕೋಣೆಯಲ್ಲಿತ್ತು. ಸಂತೈಸಲು ಬಂದ ಮಿತ್ರ ರಿಚರ್ಡ್ ಕಾಬ್ಡನ್ ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಮಾತನ್ನೆತ್ತಿದನು: ಈ ಗಳಿಗೆಯಲ್ಲಿಯೇ ದೇಶದ ಸಾವಿರಾರು ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಹಸಿವಿನಿಂದ ಸಾಯುತ್ತಿದ್ದಾರೆ, ದುಃಖದ ಮೊದಲ ಆವೇಗ ಅಡಗಿದ ಮೇಲೆ ನನ್ನೊಡನೆ ಬಾ, ಧಾನ್ಯದ ಕಾಯಿದೆ ಅಳಿಯುವ ತನಕ ನಾವು ವಿರಮಿಸುವುದು ಬೇಡ.

ಆ ತರುಣನೇ ಜಾನ್ ಬ್ರೈಟ್. ಹುಟ್ಟಿದ್ದು 1811ರಲ್ಲಿ, ರಾಚ್‌ಡೇಲ್ ಎಂಬ ಊರಿನಲ್ಲಿ. ತಂದೆಯದು ಹತ್ತಿ ನೂಲುವ ಗಿರಣಿ. ಮತ ಕ್ವೇಕರ್ ಪಂಥ. ಹದಿನಾರರ ಹೊತ್ತಿಗೆ ಶಾಲೆ ಬಿಟ್ಟು ಗಿರಣಿಯ ವ್ಯವಹಾರಕ್ಕೆ ಇಳಿದಿದ್ದನು. ಹೊರನಾಡಿನ ಧಾನ್ಯಕ್ಕೆ ಸುಂಕ ಹೇರಿ ಜಮೀನುದಾರರನ್ನು ಕೊಬ್ಬಿಸುತ್ತಿದ್ದ ಕಾಯಿದೆಯ ವಿರುದ್ಧ ಗೆಳೆಯರಿಬ್ಬರೂ ಊರೂರು ತಿರುಗಿ ಭಾಷಣ ಮಾಡಿದರು. 1843ರಲ್ಲಿ ಬ್ರೈಟ್ ಪಾರ್ಲಿಮೆಂಟನ್ನು ಸೇರಿದನು. 1846ರಲ್ಲಿ ಕಾಯಿದೆ ಬಿದ್ದಿತು.

ಆದರೆ ಗಿರಣಿಯ ಕೂಲಿಕಾರರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಗೊಳಿಸುವ ಮಸೂದೆ ಬಂದಾಗ, ಬಡವರ ರೊಟ್ಟಿಗಾಗಿ ಹೋರಾಡಿದ ಈತನೇ ಅದನ್ನು ಬಲವಾಗಿ ವಿರೋಧಿಸಿದನು! ಯಜಮಾನ ಮತ್ತು ಆಳಿನ ಒಪ್ಪಂದದ ನಡುವೆ ಸರ್ಕಾರ ತಲೆಹಾಕಬಾರದೆಂಬುದು ಆತನ ವಾದ. ವಾದವೇನೋ ಸರಿ, ಆತನೂ ಯಜಮಾನನೆಂಬುದನ್ನು ಓದುಗರು ಮರೆಯಬಾರದು. 1847ರಲ್ಲಿ ಆ ಮಸೂದೆ ಅಂಗೀಕೃತವಾಯಿತು.

ಹಾಗೆಂದು ಆತನನ್ನು ಬರಿಯ ಲಾಭಕೋರನೆನ್ನುವಂತಿಲ್ಲ. ದೇಶವೆಲ್ಲ ಉನ್ಮತ್ತವಾಗಿದ್ದಾಗ ಕ್ರಿಮಿಯಾ ಯುದ್ಧವನ್ನು ಖಂಡಿಸಿ, 1857ರಲ್ಲಿ ಮ್ಯಾಂಚೆಸ್ಟರಿನ ಸ್ಥಾನವನ್ನು ಕಳೆದುಕೊಂಡನು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಜನ ಆರಿಸಿ ಕಳುಹಿದರು.

ನಮ್ಮ ನಾಡಿಗೂ ಆತನಿಗೂ ನಂಟು ಹತ್ತಿಯದೇ. ಲಂಕಾಶೈರಿನ ಗಿರಣಿಗಳು ಅಮೆರಿಕದ ಗುಲಾಮರು ಬೆಳೆದ ಹತ್ತಿಯನ್ನೇ ನೆಚ್ಚಿದ್ದವು. ಭಾರತದಲ್ಲಿ ಹತ್ತಿಯ ಬೆಳೆಯನ್ನು ಹೆಚ್ಚಿಸುವ ಬಗೆಯನ್ನು ಪರಿಶೀಲಿಸಲು 1848ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಕುಳಿತಾಗ ಅದರ ಅಧ್ಯಕ್ಷ ಬ್ರೈಟ್. ಆ ಕಾಲಕ್ಕೆ ನಮ್ಮ ಧಾರವಾಡದ ಕಡೆಯ ಎರೆಭೂಮಿಯಲ್ಲಿ ಅಮೆರಿಕದ ಬೀಜ ಬಿತ್ತುವ ಪ್ರಯೋಗ ನಡೆದೇ ಇತ್ತು. ಸ್ವಾರ್ಥವಿಲ್ಲದೆ ಇಲ್ಲ. ಆದರೂ 1858ರಲ್ಲಿ ಕಂಪೆನಿಯ ಆಡಳಿತ ಕೊನೆಗಾಣುವಾಗ, ಗವರ್ನರ್ ಜನರಲ್ ಪದವಿಯನ್ನೇ ತೆಗೆದು ಭಾರತವನ್ನು ಐದು ಸಮಾನ ಪ್ರಾಂತಗಳಾಗಿ ವಿಂಗಡಿಸಬೇಕು, ಆಂಗ್ಲರು ಒಂದು ದಿನ ಹೊರಟುಹೋದರೂ ಅವು ತಮ್ಮ ಕಾಲ ಮೇಲೆ ನಿಲ್ಲುವಂತಿರಬೇಕು ಎಂದು ಸಭೆಯಲ್ಲಿ ನುಡಿದವನೂ ಆತನೇ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳು ಮುಚ್ಚಿ ಹತ್ತಿ ನಿಂತಿತು. ಲಂಕಾಶೈರಿನ ಯಂತ್ರಗಳು ಸ್ತಬ್ಧವಾದವು, ಲಕ್ಷಾಂತರ ಜನ ಧರ್ಮದ ಅನ್ನಕ್ಕೆ ಕೈಯೊಡ್ಡಿದರು. ದಕ್ಷಿಣದವರಿಗೆ ಮನ್ನಣೆ ಕೊಟ್ಟರೆ ಹತ್ತಿ ಬಂದೀತೆಂದು ಹಲವರ ಕೂಗು. ಹತ್ತಿಯಿಂದಲೇ ಬದುಕಿದ ಈ ಗಿರಣಿಯ ಒಡೆಯ ಮಾತ್ರ ಗುಲಾಮಗಿರಿಯ ಪಕ್ಷವನ್ನು ಬೆಂಬಲಿಸಲೊಲ್ಲೆನೆಂದು ಕೊನೆಯತನಕ ಲಿಂಕನ್ನನ ಕಡೆ ನಿಂತನು.

1865ರ ಏಪ್ರಿಲ್ 14ರ ರಾತ್ರಿ ಲಿಂಕನ್ ಗುಂಡೇಟಿಗೆ ಗುರಿಯಾದನು. ಆತನ ಬಳಿ ಇದ್ದವು ಕನ್ನಡಕ, ಚಾಕು, ಕರವಸ್ತ್ರ, ಪತ್ರಿಕೆಗಳಿಂದ ಕತ್ತರಿಸಿಟ್ಟ ಕೆಲವು ಚೂರುಗಳು. ಅವುಗಳಲ್ಲೊಂದು, ಲಿಂಕನ್ ಪುನಃ ಅಧ್ಯಕ್ಷನಾಗಲೆಂದು ಹಾರೈಸಿ ಜಾನ್ ಬ್ರೈಟ್ ಬರೆದ ಮಾತು.